ಎಲೆ ಎಲೆಗೂ ವಿಳಾಸ

"ಅಳಿಸು ನೋಡೋಣ!" ಎಂದು ಶಿವನಂಜಪ್ಪನವರು ಸವಾಲು ಹಾಕಿದರು. ಹಾಕಿದ್ದು ಹೆಂಡತಿಗೆ. ಅದೂ ಆಕೆಯ ಬೆಳಗಿನ ಕಾಫಿ ಇನ್ನೂ ಮುಗಿಯದೆ ಇದ್ದಾಗ. ಮೀಟರ್ ರಿಪೇರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಧೈರ್ಯ ಹೀಗೆ ದಿನೇ ದಿನೇ ಏರುತ್ತಿತ್ತು.

ದಾಕ್ಷಾಯಣಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ದಾಸವಾಳದ ಎಲೆಯನ್ನು ಉಜ್ಜಿದರು. ಎಲೆಯ ನಡುವೆ ತಿಳಿಹಳದಿ ಬಣ್ಣದಲ್ಲಿ, ಕಾಪಿ ಪುಸ್ತಕದ ಅಕ್ಷರಗಳಷ್ಟು ಗುಂಡಗೆ, 'ದಾಸವಾಳ' ಎಂದು ಮೂಡಿತ್ತು. ಅದರ ಕೆಳಗೆ ಸಣ್ಣದಾಗಿ 'ಹೈಬಿಸ್ಕಸ್ ರೋಸಾ-ಸೈನೆನ್ಸಿಸ್'. ಉಗುರಿನಿಂದ ಕೆರೆದರು. ಪಾತ್ರೆ ತಿಕ್ಕುವ ನಾರು ತಂದು ತಿಕ್ಕಿದರು. ಎಲೆ ಹರಿಯಿತೇ ಹೊರತು ಅಕ್ಷರ ಅಳಿಯಲಿಲ್ಲ.

"ಅಯ್ಯೋ, ನಿಜವಾಗ್ಲೂ ಹೋಗಲ್ವಲ್ರೀ!"

"ಹೇಗೆ ಹೋಗುತ್ತೆ? ಮೇಲೆ ಬರ್ದಿದ್ದಲ್ಲ ಕಣೇ ಅದು, ಒಳಗಿಂದ ಬಂದಿದ್ದು! ಅಕ್ಷರ ಇರೋ ಜಾಗದಲ್ಲಿ ಮಾತ್ರ ಪತ್ರಹರಿತ್ತು ಮಾಡ್ಬೇಡ ಅಂತ ಗಿಡಕ್ಕೇ ಹೇಳ್ಕೊಟ್ಟಿದೀನಿ. ಇನ್ಮೇಲೆ ಹುಟ್ಟೋ ಪ್ರತಿ ಎಲೇನೂ ತನ್ನ ಹೆಸರು ತಾನೇ ಬರ್ಕೊಂಡು ಹುಟ್ಟುತ್ತೆ. ಮಳೆ ಬರ್ಲಿ, ಬಿಸಿಲು ಬರ್ಲಿ, ನಿಮ್ಮಮ್ಮನೇ ಬರ್ಲಿ, ಏನೂ ಮಾಡಕ್ಕಾಗಲ್ಲ!"

ಇಷ್ಟೆಲ್ಲ ಸಾಧಿಸಿದ ಯಂತ್ರ ಅವರ ಕಂಕುಳಲ್ಲಿತ್ತು. ಹಳೆಯ ಮಿಕ್ಸಿಯ ಹೊಟ್ಟೆ, ಔಷಧಿ ಹೊಡೆಯುವ ಪಂಪಿನ ಕತ್ತು, ತುದಿಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ. ದಬ್ಬಳದಿಂದ ಗಿಡದ ಕಾಂಡಕ್ಕೆ ಒಂದು ಚುಚ್ಚು ಚುಚ್ಚಿದರೆ ಯಂತ್ರವು ಅದರ ವಂಶವಾಹಿಯನ್ನು ಓದಿ, ಒಂದು ತೊಟ್ಟು ಹಸಿರು ರಸವನ್ನು ಒಳಗೆ ಬಿಡುತ್ತಿತ್ತು. ಒಂದು ಲೋಟ ಕಾಫಿ ಆರುವುದರೊಳಗೆ ಎಲೆಗಳ ಮೇಲೆ ಹೆಸರು! ಶಿವನಂಜಪ್ಪನವರು ಅದಕ್ಕೆ 'ಚಿರನಾಮ' ಎಂದು ನಾಮಕರಣವನ್ನೂ ಮಾಡಿದ್ದರು. ಅವರ ಹಿಂದಿನ ಯಂತ್ರ ತಾನಾಗಿ ದೋಸೆ ಮಗುಚುತ್ತಿತ್ತು. ಮಗುಚಿದ ದೋಸೆಗಳಲ್ಲಿ ಎರಡು ಇನ್ನೂ ಅಡುಗೆಮನೆಯ ಸೂರಿನಲ್ಲಿ ಅಂಟಿಕೊಂಡಿವೆ.

ದಾಕ್ಷಾಯಣಮ್ಮ ಕೇಳಿದ್ದು ಇಷ್ಟನ್ನಲ್ಲ. ತಗಡಿನ ತುಂಡುಗಳ ಮೇಲೆ ಮೊಳೆಯಿಂದ ಗಿಡಗಳ ಹೆಸರು ಗೀಚಿಕೊಡಿ ಎಂದಿದ್ದರು, ಅಷ್ಟೇ. ಬಡಾವಣೆಯ ಹಸಿರಂಗಳ ಮಹಿಳಾ ಸಂಘ ಪ್ರತಿವರ್ಷ ದಸರೆಗೆ ಮುಂಚೆ ಕೈತೋಟ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಹೆಸರಿನ ಪಟ್ಟಿಗೇ ಬೇರೆ ಅಂಕ. ಆಕೆಯ ತೋಟಕ್ಕೆ ಸಾಟಿ ಇರಲಿಲ್ಲ, ಆದರೆ ಪಟ್ಟಿಗಳು ಮಾತ್ರ ಪ್ರತಿಸಲವೂ ಕೈಕೊಡುತ್ತಿದ್ದವು. ಐಸ್‌ಕ್ರೀಮ್ ಕಡ್ಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದರೆ ಮಳೆ ಬಂದು ತೊಳೆದುಹಾಕಿತು. ರಟ್ಟು ಕತ್ತರಿಸಿ ನೆಟ್ಟರೆ ಬಸವನಹುಳುಗಳು ಅಕ್ಷರಸಮೇತ ಊಟ ಮಾಡಿದವು. ಎಣ್ಣೆ ಡಬ್ಬದ ಪ್ಲಾಸ್ಟಿಕ್ ಬಿಸಿಲಿಗೆ ಹಪ್ಪಳದಂತೆ ಪುಡಿಯಾಯಿತು. ಹೀಗಾಗಿ ಬಹುಮಾನದ ಕಪ್ಪು ವರ್ಷ ವರ್ಷವೂ ಸಂಘದ ಅಧ್ಯಕ್ಷೆ ನೀಲಾಂಬಿಕೆಯವರ ಷೋಕೇಸಿಗೇ ಹೋಗುತ್ತಿತ್ತು. ಈ ಸಲ ಆ ಕಪ್ಪು ತನ್ನ ಮನೆಗೆ ಬರದಿದ್ದರೆ ಸಂಘಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ದಾಕ್ಷಾಯಣಮ್ಮ ಎಲ್ಲರೆದುರು ಹೇಳಿಬಿಟ್ಟಿದ್ದರು. ತೀರ್ಪುಗಾರರು ಬರುವುದು ಇವತ್ತೇ ಹನ್ನೊಂದು ಗಂಟೆಗೆ.

"ಮೊದಲ್ನೇ ಸಲ ಮನೆಗೆ ಉಪಯೋಗಕ್ಕೆ ಬರೋ ಕೆಲಸ ಮಾಡಿದೀರ," ಎಂದರು ದಾಕ್ಷಾಯಣಮ್ಮ. ಮೂವತ್ತೈದು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಶಿವನಂಜಪ್ಪನವರು ಕೇಳಿರಲಿಲ್ಲ. ಅವರ ಕಣ್ಣು ಒದ್ದೆಯಾಯಿತು.

"ಇನ್ನೂ ಇದೆ ಕಣೇ, ತಾಳು. ಮೂರನೇ ಸಾಲು ಸ್ವಲ್ಪ ತಡವಾಗಿ ಬರುತ್ತೆ."

"ಮೂರನೇ ಸಾಲಾ? ಅದ್ರಲ್ಲೇನಿದೆ?"

ಎಲೆಯೇ ಉತ್ತರ ಕೊಟ್ಟಿತು. 'ತಾಯಿ ಗಿಡ: ಜಯಶೀಲಮ್ಮ, ಎದುರು ಮನೆ.' ಅದರ ಕೆಳಗೆ, ಕೇಳದಿದ್ದರೂ ಇರಲಿ ಎಂಬಂತೆ ನಾಲ್ಕನೆಯ ಸಾಲು: 'ಉಗುರಿನಿಂದ ಚಿವುಟಿ ತಂದದ್ದು.'

ದಾಕ್ಷಾಯಣಮ್ಮ ಬೀದಿಯತ್ತ ಒಮ್ಮೆ ನೋಡಿ ಆ ಎಲೆಯನ್ನು ಅಂಗೈಯಲ್ಲಿ ಮುಚ್ಚಿದರು.

ಇಲ್ಲಿ ಬಡಾವಣೆಯ ಒಂದು ಸಂಪ್ರದಾಯವನ್ನು ಹೇಳಲೇಬೇಕು. ಒಬ್ಬರನ್ನು ಕೇಳಿ ತಂದು ನೆಟ್ಟ ಗಿಡ ಏಳಿಗೆಯಾಗುವುದಿಲ್ಲ ಎಂಬ ನಂಬಿಕೆ ಇಲ್ಲಿನ ಹೆಂಗಸರಲ್ಲಿ ಬಹಳ ಗಟ್ಟಿ. ಅದಕ್ಕೇ ಯಾರೂ ಯಾರನ್ನೂ ಕೇಳುವುದಿಲ್ಲ. ಸಂಜೆ ವಾಕಿಂಗ್ ಹೊರಟಾಗ ಕಾಂಪೌಂಡಿನಾಚೆ ಬಾಗಿದ ರೆಂಬೆಯೊಂದು ತಾನಾಗಿ ಕೈಗೆ ತಾಗುತ್ತದೆ, ತಾನಾಗಿ ಮುರಿಯುತ್ತದೆ, ತಾನಾಗಿ ವ್ಯಾನಿಟಿ ಬ್ಯಾಗಿನೊಳಗೆ ಹೋಗಿ ಕುಳಿತುಕೊಳ್ಳುತ್ತದೆ. ಇದನ್ನು ಕಳ್ಳತನ ಎನ್ನುವಷ್ಟು ಕೆಟ್ಟ ಬಾಯಿ ಯಾರಿಗೂ ಇರಲಿಲ್ಲ. ದಾಕ್ಷಾಯಣಮ್ಮನಿಗಂತೂ ಇದರಲ್ಲಿ ಕಟ್ಟುನಿಟ್ಟಾದ ನೀತಿಯಿತ್ತು. ಒಂದು ಗಿಡದಿಂದ ಒಂದೇ ಕಡ್ಡಿ. ಶುಕ್ರವಾರ ಮುಟ್ಟುವಂತಿಲ್ಲ. ತುಳಸಿಯ ತಂಟೆಗೆ ಹೋಗುವಂತೆಯೇ ಇಲ್ಲ. ಇಂಥ ನೀತಿವಂತೆಯ ತೋಟದಲ್ಲಿ ದುಡ್ಡು ಕೊಟ್ಟು ತಂದ ಗಿಡ ಹುಡುಕಿದರೂ ಸಿಗುತ್ತಿರಲಿಲ್ಲ.

"ರೀ! ಇದನ್ನ ಯಾರ್ರೀ ಹಾಕಿ ಅಂದಿದ್ದು? ಯಂತ್ರಕ್ಕೆ ಹೇಗೆ ಗೊತ್ತಾಯ್ತು?"

"ಹದಿನೈದು ದಿನದಿಂದ ಬೆಳಿಗ್ಗೆ ವಾಕಿಂಗ್ ಹೋದಾಗ ಬೀದಿಯಲ್ಲಿರೋ ಗಿಡಗಳಿಗೆಲ್ಲ ರಸ ಬಿಡ್ದೆ ಬರೀ ಚುಚ್ಚಿ ಚುಚ್ಚಿ ಯಂತ್ರಕ್ಕೆ ಕಲಿಸಿದೀನಲ್ಲ! ಯಾವ ಗಿಡಕ್ಕೆ ಯಾವುದು ತಾಯಿ ಅಂತ ಥಟ್ಟಂತ ಹೇಳುತ್ತೆ. ಮ್ಯೂಸಿಯಮ್ಮಲ್ಲಿ ನೋಡಿಲ್ವಾ, ವಿಗ್ರಹ ಎಲ್ಲಿ ಸಿಕ್ತು ಅಂತಾನೂ ಬರ್ದಿರ್ತಾರೆ. ಆಗ್ಲೇ ಪಟ್ಟಿಗೆ ಒಂದು ಗೌರವ!"

"ಆ ಚಿವುಟಿದ್ದು?"

"ಗಿಡಕ್ಕೆ ಆದ ಗಾಯ ನೆನಪಿರುತ್ತೆ ಕಣೇ. ಎಲ್ಲ ರಸದಲ್ಲಿ ಬರ್ದಿರುತ್ತೆ. ನಾನು ಓದಿಸ್ದೆ ಅಷ್ಟೆ."

"ಆಯ್ತು, ಈ ದಾಸವಾಳ ಒಂದನ್ನ ಹಿತ್ತಲಿಗೆ ಸಾಗಿಸೋಣ. ಮಿಕ್ಕಿದ್ದಕ್ಕೆ ಆ ದರಿದ್ರ ದಬ್ಬಳ ತಾಗಿಸ್ಬೇಡಿ."

ಶಿವನಂಜಪ್ಪನವರು ಮೆಲ್ಲಗೆ ಕೆಮ್ಮಿದರು. ಮದುವೆಯಾದಂದಿನಿಂದ ಆ ಕೆಮ್ಮಿನ ಅರ್ಥ ದಾಕ್ಷಾಯಣಮ್ಮನಿಗೆ ಗೊತ್ತು. ತಿರುಗಿ ನೋಡಿದರು. ಕ್ರೋಟನ್ ಮೇಲೆ, ಕಣಗಿಲೆಯ ಮೇಲೆ, ಕೆಸುವಿನ ಜಾತಿಯ ಅಗಲ ಎಲೆಗಳ ಮೇಲೆ, ಕೊನೆಗೆ ಕರಿಬೇವಿನ ಪುಟ್ಟ ಪುಟ್ಟ ಎಲೆಗಳ ಮೇಲೂ ಹಳದಿ ಅಕ್ಷರಗಳು ಮೂಡಿ ನಿಂತಿದ್ದವು. ಇಡೀ ತೋಟ ಬಾಯಿ ಬಿಟ್ಟಿತ್ತು.

"ನಿಂಗೆ ಸಂತೋಷ ಆಗ್ಲಿ ಅಂತ ನೀನು ಏಳೋ ಮುಂಚೇನೇ ಎಲ್ಲಾ ಮುಗಿಸ್ಬಿಟ್ಟೆ," ಎಂದರು ಪತಿರಾಯರು.

ಮುಂದಿನ ಒಂದು ಗಂಟೆ ದಾಕ್ಷಾಯಣಮ್ಮ ಪಟ್ಟ ಪಾಡು ಶತ್ರುವಿಗೂ ಬೇಡ. ಮೊದಲು ಅಕ್ಷರವಿದ್ದ ಎಲೆಗಳನ್ನೆಲ್ಲ ಕಿತ್ತರು. ಹೆಸರು ಬೇಗ ಕಾಣಲಿ ಎಂದು ಶಿವನಂಜಪ್ಪನವರು ರಸಕ್ಕೆ ಚಿಗುರು ಬರಿಸುವ ಔಷಧಿಯನ್ನೂ ಬೆರೆಸಿದ್ದರು. ಒಂದು ಎಲೆ ಕಿತ್ತ ಕಡೆ ಮೂರು ಚಿಗುರಿದವು, ಮೂರೂ ಜಯಶೀಲಮ್ಮನ ಹೆಸರು ಹೊತ್ತೇ ಚಿಗುರಿದವು. ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು ಪೇಂಟ್ ತಂದು ಅಕ್ಷರಗಳ ಮೇಲೆ ಬಳಿದರು. ಅದು ಗೇಟಿನ ಹಸಿರು, ಎಲೆಯ ಹಸಿರಲ್ಲ. ಮುಚ್ಚಿಟ್ಟದ್ದು ಮೊದಲಿಗಿಂತ ಚೆನ್ನಾಗಿ ಕಂಡಿತು. ಕೊನೆಗೆ ಮಂಚದ ಹಾಸಿಗೆಬಟ್ಟೆ, ಹಳೆಯ ಸೀರೆ, ಶಿವನಂಜಪ್ಪನವರ ಪಂಚೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಗಿಡಗಳಿಗೆ ಹೊದಿಸಿದರು. ಅಂಗಳ ಮದುವೆ ಛತ್ರದ ಹಿಂಭಾಗದ ಹಾಗೆ ಕಾಣತೊಡಗಿತು.

"ನೀವು ಕೊಟ್ಟಿದ್ದನ್ನ ನೀವೇ ವಾಪಸ್ ತಗೊಳ್ಳಿ! ಅಳಿಸೋಕೆ ಏನೂ ಇಟ್ಟಿಲ್ವಾ ಇದ್ರಲ್ಲಿ?"

"ಇಟ್ಟಿದೀನಿ! ಬುದ್ಧಿ ಇಲ್ವಾ ನಂಗೆ? ಐದು ತಿರುಪು ಇದೆ, ಅದ್ರಲ್ಲಿ ಒಂದು ಅಳಿಸೋದು." ಶಿವನಂಜಪ್ಪನವರು ಕನ್ನಡಕ ಏರಿಸಿಕೊಂಡು ಯಂತ್ರದ ಬೆನ್ನನ್ನು ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು. ಅಂಗಿಯ ತೋಳಿನಿಂದ ಒರೆಸಿ ನೋಡಿದರು. "ಯಾವ್ದು ಯಾವುದಕ್ಕೆ ಅಂತ ಪಕ್ಕದಲ್ಲೇ ಬರ್ದಿದ್ದೆ ಕಣೇ... ಈಗ ಕಾಣಿಸ್ತಿಲ್ಲ."

"ಯಾವುದ್ರಲ್ಲಿ ಬರ್ದಿದ್ರಿ?"

"ಸ್ಕೆಚ್ ಪೆನ್ನಲ್ಲಿ."

ಅಳಿಯದ ಹೆಸರನ್ನು ಜಗತ್ತಿಗೆ ಕೊಟ್ಟ ಮಹಾನುಭಾವನ ಯಂತ್ರದ ಮೇಲಿನ ಹೆಸರುಗಳು ಅವರ ಅಂಗೈ ಬೆವರಿಗೇ ಅಳಿಸಿಹೋಗಿದ್ದವು. ಇಂಥವರಿಗೆ ಏನೆಂದು ಬೈಯುವುದು? ಬೈಗುಳಕ್ಕೂ ಒಂದು ಮರ್ಯಾದೆ ಇದೆಯಲ್ಲ!

"ನೆನಪಿದೆ, ನೆನಪಿದೆ, ಎರಡನೇದು," ಎಂದು ಅವರು ಒಂದು ತಿರುಪನ್ನು ತಿರುವಿ, ಹಾಸಿಗೆಬಟ್ಟೆಗಳ ಕೆಳಗೆ ಕೈ ತೂರಿಸಿ ಗಿಡಗಳಿಗೆಲ್ಲ ಮತ್ತೊಂದು ಸುತ್ತು ಚುಚ್ಚಿ ಬಂದರು. ಕಾಫಿ ಆರುವಷ್ಟು ಹೊತ್ತು ಕಾದು ದಾಕ್ಷಾಯಣಮ್ಮ ಒಂದು ಬಟ್ಟೆಯ ತುದಿ ಎತ್ತಿದರು. ಅಕ್ಷರಗಳು ಅಳಿದಿರಲಿಲ್ಲ. ಬಸ್ಸಿನ ಬೋರ್ಡಿನಷ್ಟು ದಪ್ಪಗಾಗಿದ್ದವು.

"ಹಾಗಾದ್ರೆ ಎರಡನೇದು ದೊಡ್ಡ ಅಕ್ಷರದ್ದು," ಎಂದರು ಶಿವನಂಜಪ್ಪನವರು, ಹೊಸ ವಿಷಯ ಕಲಿತ ಸಂತೋಷದಲ್ಲಿ.

ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಮುಂದೆ ನೀಲಾಂಬಿಕೆಯವರು, ಮುಡಿಯಲ್ಲಿ ತಟ್ಟೆಯಗಲದ ಕೆಂಪು ಡೇರೆ ಹೂ ಮುಡಿದು. ಪಕ್ಕದಲ್ಲಿ ತೀರ್ಪುಗಾರರಾದ ಡಾಕ್ಟರ್ ಸಿದ್ದರಾಜು, ಕೈಯಲ್ಲಿ ಬೆಳ್ಳಿ ಬಣ್ಣದ ಕಪ್ಪು. ಸಸ್ಯಶಾಸ್ತ್ರದಲ್ಲಿ ಡಾಕ್ಟರು. ಮೈಕು ಸಿಕ್ಕರೆ ಬಿಡುವವರಲ್ಲ, ಸಿಗದಿದ್ದರೂ ಬಿಡುವವರಲ್ಲ. ಕೋಟಿಗೆ ಯಾವಾಗಲೂ ಒಂದು ಸಿಂಧೂರ ಬಣ್ಣದ ಗುಲಾಬಿ ಸಿಕ್ಕಿಸಿಕೊಂಡಿರುತ್ತಾರೆ. ತಾವೇ ಕಂಡುಹಿಡಿದ ತಳಿ, ಹೆಸರು 'ಸಿದ್ದರಾಜು ಸಿಂಧೂರ' ಎಂದು ಈ ವರ್ಷ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಅವರ ಹಿಂದೆ ಎದುರು ಮನೆಯ ಜಯಶೀಲಮ್ಮ, ಸುಮ್ಮನೆ ನೋಡಿಹೋಗಲು.

"ಏನ್ ದಾಕ್ಷಾಯಣಮ್ಮ, ಗಿಡಗಳಿಗೆ ಚಳಿ ಜ್ವರನಾ?" ಎಂದರು ನೀಲಾಂಬಿಕೆ.

"ಬಿಸಿಲು ಜಾಸ್ತಿ ಮೇಡಂ, ಬಾಡಿಹೋಗ್ಬಾರ್ದು ಅಂತ..."

"ಮೋಡ ಕವಿದಿದ್ಯಲ್ರೀ!"

"ಅದಕ್ಕೇನಂತೆ, ಯಾವಾಗ ಬೇಕಾದ್ರೂ ಬಿಸಿಲು ಬರ್ಬೋದು."

ಡಾಕ್ಟರ್ ಸಿದ್ದರಾಜು ಗಂಟಲು ಸರಿಮಾಡಿಕೊಂಡು ಉಷ್ಣವಲಯದ ಸಸ್ಯಗಳ ಬಗ್ಗೆ ಶುರು ಮಾಡಿದರು. ಅವರ ಮಾತು ದಾಕ್ಷಾಯಣಮ್ಮನಿಗೆ ಮೊದಲ ಸಲ ಇಂಪಾಗಿ ಕೇಳಿಸಿತು. ಸಂಜೆಯವರೆಗೂ ಹೀಗೇ ಕೊರೆಯಲಿ ದೇವರೇ ಎಂದುಕೊಂಡರು. ಆದರೆ ಜಯಶೀಲಮ್ಮನಿಗೆ ಭಾಷಣ ಆಗಿಬರುವುದಿಲ್ಲ. ಹತ್ತಿರದ ಹಾಸಿಗೆಬಟ್ಟೆಯನ್ನು ಸರ್ರನೆ ಎಳೆದೇಬಿಟ್ಟರು.

ದಾಸವಾಳದ ಎಲೆ ಎಲೆಯೂ ಆಕೆಯ ಹೆಸರನ್ನು ಕೂಗಿ ಹೇಳಿತು.

"ಇದೇನಿದು? ನನ್ನ ದಾಸವಾಳ! ಉಗುರಲ್ಲಿ ಚಿವುಟಿ... ಅಯ್ಯೋ ಅಯ್ಯೋ! ಹೋದ ಯುಗಾದೀಲಿ ಕುಡಿ ಹೋಗಿತ್ತು, ಬೀದಿ ಹಸು ಮೇಲೆ ಹಾಕಿ ಬೈದಿದ್ದೆ! ದಾಕ್ಷಾಯಣಮ್ಮ, ನೀವಾ ಆ ಹಸು?"

"ಜಯಶೀಲಮ್ಮ, ಹಾಗಲ್ಲ, ನೀವು ನನ್ನ ಮಾತು..."

"ನನ್ನ ಕೈ ಕೋಡುಬಳೆ ತಿಂದ್ಕೊಂಡೇ ನನ್ನ ಗಿಡಾನೂ ಚಿವುಟಿದ್ರಾ?"

ನೀಲಾಂಬಿಕೆ ಒಂದೊಂದೇ ಬಟ್ಟೆ ಎತ್ತಿ, ಎಲೆಗಳನ್ನು ಭಾನುವಾರದ ಪತ್ರಿಕೆ ಓದುವಷ್ಟು ನಿಧಾನವಾಗಿ, ಗಟ್ಟಿಯಾಗಿ ಓದುತ್ತಾ ಹೋದರು. ಕ್ರೋಟನ್, ಮೂಲೆ ಮನೆ, ತಿರುಚಿ ಮುರಿದದ್ದು. ಕಣಗಿಲೆ, ಪಾರ್ಕಿನ ಗೇಟು, ಕತ್ತರಿಯಿಂದ. ದಾಕ್ಷಾಯಣಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಪ್ಪು ಹಾಳಾಗಲಿ, ನಾಳೆಯಿಂದ ಈ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

"ಸಂಘಕ್ಕೆ ಅಂತ ಒಂದು ಮರ್ಯಾದೆ ಇದೆ," ಎಂದರು ನೀಲಾಂಬಿಕೆ. ಮರ್ಯಾದೆಯ ಬಗ್ಗೆ ಮಾತಾಡುವಾಗ ಅವರ ಮುಖದಲ್ಲಿ ಎಲ್ಲಿಲ್ಲದ ಕಳೆ. "ಇಂಥವರ ಹೆಸರನ್ನ ಸದಸ್ಯತ್ವದಿಂದ ತೆಗೆದುಹಾಕಲೇಬೇಕಾಗುತ್ತೆ. ನಮ್ಮ ಮನೇಲೆಲ್ಲ ಸ್ವಂತ ಗಿಡ. ಬೇಕಾದ್ರೆ ಬಂದು ನೋಡ್ಕೊಳ್ಳಿ!"

ಹೆಂಡತಿಯ ಕಣ್ಣಲ್ಲಿ ನೀರು ಕಂಡು ಶಿವನಂಜಪ್ಪನವರು ಯಂತ್ರವನ್ನು ಎತ್ತಿಕೊಂಡರು. ಅವರು ತಲೆಹರಟೆಯೇ ಇರಬಹುದು, ಕಲ್ಲು ಹೃದಯದವರಲ್ಲ. "ಅಳಬೇಡ ಕಣೇ! ಈಗ ಅಳಿಸ್ತೀನಿ, ಒಂದೇ ಸಲಕ್ಕೆ ಎಲ್ಲಾ ಅಳಿಸ್ಬಿಡ್ತೀನಿ!" ಎಂದು ಓಡಿಬಂದು ಮೂರನೆಯ ತಿರುಪನ್ನು ಕೊನೆಮುಟ್ಟ ತಿರುವಿದರು.

ಮೂರನೆಯದು ಹರಡುವುದಕ್ಕೆ ಇಟ್ಟದ್ದು.

ಮಿಕ್ಸಿಯ ಹೊಟ್ಟೆ ಗುರ್ರೆಂದು ನಡುಗಿತು. ಪಂಪಿನ ಕತ್ತಿನಿಂದ ಹಸಿರು ಮಂಜು ಬುಸ್ಸೆಂದು ಎದ್ದು, ಅಂಗಳ ತುಂಬಿ, ಕಾಂಪೌಂಡು ಹಾರಿ, ಬೀದಿಯುದ್ದಕ್ಕೂ ತೇಲಿತು. ಎಲ್ಲರೂ ಕೆಮ್ಮಿದರು, ಸೀನಿದರು, ಒಬ್ಬರನ್ನೊಬ್ಬರು ಹಿಡಿದುಕೊಂಡರು. ಮಂಜು ಕರಗಿದಾಗ ನೀಲಾಂಬಿಕೆಯವರ ಹಿಂದೆ ನಿಂತಿದ್ದ ಜಯಶೀಲಮ್ಮ ಅಧ್ಯಕ್ಷೆಯ ಮುಡಿಯನ್ನೇ ಕಣ್ಣರಳಿಸಿ ನೋಡುತ್ತಿದ್ದರು.

"ಡೇರೆ," ಎಂದು ಓದಿದರು. "ತಾಯಿ ಗಿಡ: ಜಯಶೀಲಮ್ಮ. ಗೆಡ್ಡೆ ಅಗೆದು ತಂದದ್ದು. ಮಾಲೀಕರು ಊರಲ್ಲಿಲ್ಲದಾಗ."

"ಎಲ್ಲಿ? ಎಲ್ಲಿದೆ ಹಾಗೆ?" ಎಂದು ನೀಲಾಂಬಿಕೆ ಗಿರ್ರನೆ ತಿರುಗಿದರು. ತಿರುಗಿದಷ್ಟೂ ಮುಡಿಯಲ್ಲಿದ್ದ ಹೂ ಎಲ್ಲರಿಗೂ ಚೆನ್ನಾಗಿ ಕಂಡಿತು.

"ಮಾಲೀಕರು ಊರಲ್ಲಿಲ್ಲ ಅಂತ ಹೂವಿಗೆ ಹೇಗ್ರೀ ಗೊತ್ತು?" ಎಂದು ಕೇಳಿದರು ಡಾಕ್ಟರ್.

"ನೀರು ಹಾಕೋರಿಲ್ದೆ ಒಣಗ್ತಿತ್ತಲ್ಲ ಸಾರ್, ಗೆಡ್ಡೆಗೆ ನೆನಪಿದೆ. ಕೊಯ್ದ ಹೂವಿನ ಮೇಲೂ ಕೆಲಸ ಮಾಡುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ!" ಎಂದು ಶಿವನಂಜಪ್ಪನವರು ಹಿಗ್ಗಿದರು.

"ನನ್ನ ತಂಗಿ ಮಗಳ ಮದುವೆಗೆ ಹೋಗಿದ್ದಾಗ!" ಜಯಶೀಲಮ್ಮ ಹಲ್ಲು ಕಡಿದರು. "ಗಿಡ ನೋಡ್ಕೊಳ್ಳಿ ಅಂತ ಬೀಗದ ಕೈ ನಿಮಗೇ ಕೊಟ್ಟಿದ್ನಲ್ಲ ನೀಲಾಂಬಿಕೆ! ಈ ಬೀದೀಲಿ ಮಾನವಂತೆ ಅಂತ ಇದ್ರೆ ನಾನೊಬ್ಳೇ!"

ದಾಕ್ಷಾಯಣಮ್ಮ ಕಣ್ಣೊರೆಸಿಕೊಂಡು ಎದುರು ಮನೆಯ ಕಾಂಪೌಂಡಿನತ್ತ ಬೆರಳು ತೋರಿಸಿದರು. ಅದರ ಮೇಲೆ ಹಬ್ಬಿದ್ದ ವೀಳ್ಯದ ಬಳ್ಳಿಯ ಅಗಲವಾದ ಎಲೆಗಳ ತುಂಬ, ಬೀದಿಯ ಈಚೆಯಿಂದಲೂ ಓದಲು ಬರುವಂತೆ, 'ತಾಯಿ ಗಿಡ: ದಾಕ್ಷಾಯಣಿ' ಎಂದಿತ್ತು.

"ಅದು... ಅದು ಪೂಜೆಗೆ ಅಂತ ತಂದಿದ್ದು," ಎಂದರು ಜಯಶೀಲಮ್ಮ. ದನಿ ಅರ್ಧಕ್ಕೆ ಇಳಿದಿತ್ತು.

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದ್ದನ್ನು ಯಾರು ವಾಪಸ್ ಕೊಡಬೇಕೆಂದು ಲೆಕ್ಕ ಹಾಕಿದರೆ ಬೆಳಗಾಗುವಷ್ಟರಲ್ಲಿ ಬೀದಿಯ ತೋಟಗಳೆಲ್ಲ ಮನೆ ಬದಲಾಯಿಸಬೇಕಾಗುತ್ತಿತ್ತು. ಮರ್ಯಾದೆಯ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

"ಛೆ ಛೆ ಛೆ," ಎಂದು ಡಾಕ್ಟರ್ ಸಿದ್ದರಾಜು ತಲೆ ಆಡಿಸಿದರು. "ವಿದ್ಯಾವಂತ ಮಹಿಳೆಯರು! ಸ್ವಂತ ಪರಿಶ್ರಮದಿಂದ ಒಂದು ಗಿಡ ಬೆಳೆಸೋದು ಅಷ್ಟು ಕಷ್ಟವಾ? ನನ್ನನ್ನೇ ನೋಡಿ. ಹನ್ನೆರಡು ವರ್ಷ ತಪಸ್ಸು ಮಾಡಿ ಈ ತಳಿ ಕಂಡುಹಿಡಿದೆ," ಎಂದು ಎದೆ ಉಬ್ಬಿಸಿ ಕೋಟಿನ ಗುಲಾಬಿಯನ್ನು ಮುಂದೆ ಮಾಡಿದರು.

ದಾಕ್ಷಾಯಣಮ್ಮ ಹತ್ತಿರ ಹೋಗಿ ನೋಡಿದರು. ಇಷ್ಟು ದಿನ ಆ ಗುಲಾಬಿಯನ್ನು ವೇದಿಕೆಯ ಮೇಲೆ, ದೂರದಿಂದ ಮಾತ್ರ ನೋಡಿದ್ದರು. ಆ ಸಿಂಧೂರದ ಬಣ್ಣ, ಅಂಚಿನಲ್ಲಿ ಆ ಬಿಳಿಯ ಗೆರೆ. ಮದುವೆಯಾಗಿ ಬರುವಾಗ ಹುಣಸೂರಿನಿಂದ ತೆಂಗಿನ ಚಿಪ್ಪಿನಲ್ಲಿಟ್ಟು ತಾಯಿ ಕೊಟ್ಟು ಕಳಿಸಿದ ಗಿಡ ಅದು. ಹಿತ್ತಲಿನ ಬಾವಿಕಟ್ಟೆಯ ಪಕ್ಕ ಇವತ್ತಿಗೂ ಹೂ ಬಿಡುತ್ತದೆ. ಇಡೀ ತೋಟದಲ್ಲಿ ನನ್ನದು ಎಂದು ಎದೆ ತಟ್ಟಿ ಹೇಳಬಹುದಾದ ಗಿಡ ಅದೊಂದೇ. ಹೋದ ವರ್ಷ ಸ್ಪರ್ಧೆಯ ದಿನ ಅದರ ಒಂದು ಕೊಂಬೆ ಹೋಗಿತ್ತು. ಆವತ್ತು ಆಕೆ ಊಟ ಬಿಟ್ಟಿದ್ದರು.

ದಾಕ್ಷಾಯಣಮ್ಮ ನೋಡುತ್ತಿದ್ದಂತೆ ಎಸಳಿನ ಮೇಲೆ ಅಕ್ಷರ ಮೂಡತೊಡಗಿತು. 'ಗುಲಾಬಿ. ತಾಯಿ ಗಿಡ: ದಾಕ್ಷಾಯಣಿ, ಹಿತ್ತಲು. ಕೇಳದೆ ಕತ್ತರಿಸಿದ್ದು. ಪ್ಯಾಂಟಿನ ಜೇಬಿನಲ್ಲಿ ಸಾಗಿಸಿದ್ದು.'

ಆಕೆಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರ್ ಸಿದ್ದರಾಜು ಆಕೆಯ ಕಣ್ಣನ್ನು ಕಂಡು, ತಲೆ ಬಗ್ಗಿಸಿ ತಮ್ಮ ಕೋಟನ್ನು ಕಂಡರು. ಉಳಿದಿಬ್ಬರು ಹೆಂಗಸರು ಇತ್ತ ತಿರುಗುವುದರಲ್ಲಿದ್ದರು. ಹನ್ನೆರಡು ವರ್ಷದ ತಪಸ್ಸನ್ನು ಅವರು ಕೋಟಿನಿಂದ ಕಿತ್ತು ಬಾಯಿಗೆ ತುರುಕಿಕೊಂಡು, ಎರಡು ಸಲ ಅಗಿದು, ನುಂಗಿಬಿಟ್ಟರು.

"ಸಾರ್, ಗುಲಾಬಿ?" ಎಂದರು ನೀಲಾಂಬಿಕೆ.

"ಹ್ಞೂಂ. ಗುಲ್ಕಂದ್. ಪಿತ್ತಕ್ಕೆ ಒಳ್ಳೇದು."

ದಾಕ್ಷಾಯಣಮ್ಮನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಒಂದು ಕೂಗು ಹಾಕಿದರೆ ಸಾಕಿತ್ತು. ಆದರೆ ಮೂವತ್ತೈದು ವರ್ಷ ಒಬ್ಬ ವಿಜ್ಞಾನಿಯ ಜೊತೆ ಬಾಳಿದವರಿಗೆ ಯಾವಾಗ ಬಾಯಿ ಬಿಡಬೇಕು, ಯಾವಾಗ ಬಾಯಿ ಬಿಡದೆ ಲಾಭ ಮಾಡಿಕೊಳ್ಳಬೇಕು ಎಂಬುದು ತಿಳಿದಿರುತ್ತದೆ. ಆಕೆ ಕೈ ಕಟ್ಟಿಕೊಂಡು ಮುಗುಳ್ನಕ್ಕು, "ತೀರ್ಪು ಹೇಳಿ ಸಾರ್, ಕಾಯ್ತಿದೀವಿ," ಎಂದರು. ತಮಗೇ ಆಶ್ಚರ್ಯವಾಗುವಷ್ಟು ಮೃದುವಾಗಿ ಹೇಳಿದರು.

ಡಾಕ್ಟರ್ ಬೆವರು ಒರೆಸಿಕೊಂಡರು. "ಹೆಸರಿನ ಪಟ್ಟಿಗಳಿಗೆ ಪೂರ್ತಿ ಅಂಕ! ಗಿಡದ ಹೆಸರು, ಶಾಸ್ತ್ರೀಯ ಹೆಸರು, ಮೂಲ, ತಂದ ಬಗೆ... ಇಷ್ಟು ಸಂಪೂರ್ಣ, ಇಷ್ಟು ಪ್ರಾಮಾಣಿಕ ಪಟ್ಟಿಯನ್ನ ನನ್ನ ಸೇವಾವಧಿಯಲ್ಲೇ ನೋಡಿಲ್ಲ. ಪ್ರಥಮ ಬಹುಮಾನ ದಾಕ್ಷಾಯಣಮ್ಮನವರಿಗೆ!"

ನೀಲಾಂಬಿಕೆ ಆಕ್ಷೇಪಣೆಗೆ ಬಾಯಿ ತೆರೆದರು. ಜಯಶೀಲಮ್ಮ ಹಿಂದಿನಿಂದ ಡೇರೆ ಹೂವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಲು ಶುರು ಮಾಡಿದರು. ನೀಲಾಂಬಿಕೆ ಬಾಯಿ ಮುಚ್ಚಿ ಚಪ್ಪಾಳೆ ತಟ್ಟಿದರು.

"ನೋಡ್ದ್ಯಾ? ನನ್ನ ಯಂತ್ರ!" ಎಂದು ಶಿವನಂಜಪ್ಪನವರು ಕುಣಿದರು. ಇಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಂಡ ಗಂಡನ ಮೇಲೆ ದಾಕ್ಷಾಯಣಮ್ಮನಿಗೆ ಆ ಕ್ಷಣ ನಿಜವಾಗಿಯೂ ಪ್ರೀತಿ ಉಕ್ಕಿತು. ಮಧ್ಯಾಹ್ನದ ಹೊತ್ತಿಗೆ ಇಳಿಯುವಂಥದ್ದಾದರೂ ಪ್ರೀತಿ ಪ್ರೀತಿಯೇ.

ಕಪ್ಪನ್ನು ಕೈಗಿಡುತ್ತ ಡಾಕ್ಟರ್ ಸಿದ್ದ‌ರಾಜು ಅಭ್ಯಾಸಬಲದಿಂದ ಅಭಿನಂದನಾ ಭಾಷಣಕ್ಕೆ ತೊಡಗಿದರು. "ಪರಿಸರ ಅಂದ್ರೆ ಏನು? ಪ್ರಾಮಾಣಿಕತೆ ಅಂದ್ರೆ ಏನು?" ಎಂದು ಬಾಯಿ ದೊಡ್ಡದಾಗಿ ತೆರೆದರು. ಗುಲ್ಕಂದ್ ಹೊಟ್ಟೆಗೆ ಹೋಗಿತ್ತು ನಿಜ, ರಸ ಮಾತ್ರ ದಾರಿಯಲ್ಲೇ ಉಳಿದಿತ್ತು. ಅವರ ನಾಲಿಗೆಯ ಮೇಲೆ, ಗುಂಡಗೆ, ಹಳದಿಯಾಗಿ, ಅಕ್ಷರಗಳು ಒಂದೊಂದಾಗಿ ಏಳುತ್ತಿದ್ದವು.

ದಾಕ್ಷಾಯಣಮ್ಮ ಕಪ್ಪನ್ನು ಎದೆಗವಚಿಕೊಂಡು ಅವರ ಕಿವಿಯ ಹತ್ತಿರ ಬಗ್ಗಿದರು.

"ಮಾತು ಸಾಕು ಸಾರ್. ನಮ್ಮ ಹಿತ್ತಲಿನ ವಿಳಾಸ ಕಾಣ್ತಿದೆ."